ರಷ್ಯನ್ ಕಾದಂಬರಿಕಾರ ದಾಸ್ತೋವ್‌ಸ್ಕಿಯನ್ನು ಎಲ್ಲಿಂದ ಓದಲಿ ಅಂತ ಕೇಳಿದ ಗೆಳೆಯನಿಗೆ

ಪ್ರಿಯ ಮಂಜು,

ದಪ್ಪ ಪುಸ್ತಕಗಳನ್ನು ಸದ್ಯ ಪಕ್ಕಕ್ಕಿಡು. ಮೊದಲು ‘ಜೂಜುಕೋರ’ ಓದು. ದಾಸ್ತೋವ್‌ಸ್ಕಿಯ ಅತ್ಯುತ್ತಮ ಕಾದಂಬರಿ ಅದಲ್ಲ, ನಿಜ. ಆದರೆ ಅದನ್ನು ಬರೆದ ಕತೆ ಕಾದಂಬರಿಗಿಂತ ಚೆನ್ನಾಗಿದೆ.

1864ರಲ್ಲಿ ಅವನ ಹೆಂಡತಿ ಮರಿಯಾ ತೀರಿಕೊಂಡಳು. ಕೆಲವೇ ತಿಂಗಳಲ್ಲಿ ಅಣ್ಣ ಮಿಖಾಯಿಲ್ ಕೂಡ ಹೋದ. ಅಣ್ಣನ ಸಾಲ, ಅಣ್ಣನ ಸಂಸಾರ ಎರಡೂ ಇವನ ತಲೆಗೆ ಬಂದವು. ಇದೇ ಸಮಯ ಅಂತ ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕ 3000 ರೂಬಲ್ ಕೊಟ್ಟು ಕರಾರು ಬರೆಸಿಕೊಂಡ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೈಗೆ ಬರಬೇಕು. ಬರದಿದ್ದರೆ ಮುಂದಿನ 9 ವರ್ಷ ಇವನು ಬರೆದದ್ದನ್ನೆಲ್ಲ ಬಿಡಿಗಾಸು ಕೊಡದೆ ಅಚ್ಚು ಹಾಕುವ ಹಕ್ಕು ಪ್ರಕಾಶಕನದು. ಎಂಥಾ ಆಸಾಮಿ ನೋಡು!

ಆ ವರ್ಷವೆಲ್ಲ ಇವನು ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಮುಳುಗಿದ್ದ. ಅಕ್ಟೋಬರ್ ಬಂದೇ ಬಿಟ್ಟಿತು. ಅಧ್ಯಾಯ ಹಂಚಿಕೊಂಡು ನಾವೇ ಬರೆದುಕೊಡುತ್ತೇವೆ ಅಂತ ಗೆಳೆಯರು ಮುಂದೆ ಬಂದರು. ಬೇರೆಯವರು ಬರೆದದ್ದಕ್ಕೆ ನನ್ನ ಹೆಸರು ಹಾಕುವುದಿಲ್ಲ ಅಂದುಬಿಟ್ಟ.

ಆಗ ಮನೆಗೆ ಬಂದವಳು ಅನ್ನಾ ಸ್ನಿಟ್ಕಿನಾ. ಶಾರ್ಟ್‌ಹ್ಯಾಂಡ್ ಕಲಿಯುತ್ತಿದ್ದ 20 ವರ್ಷದ ಹುಡುಗಿ. ಅವನಿಗೆ ಆಗ 44. ಮೊದಲ ದಿನ ಪರೀಕ್ಷೆಗೆಂದು ಬಡಬಡ ಓದಿದ. ಅವಳು ಬರೆದು ತೋರಿಸಿದರೆ ಒಂದು ಪೂರ್ಣವಿರಾಮ ಬಿಟ್ಟುಹೋಗಿದೆ ಅಂತ ಸಿಡುಕಿದ. ಅವಳು ಓಡಿಹೋಗಲಿಲ್ಲ. ಹಗಲು ಅವನು ಹೇಳಿದ್ದನ್ನು ಬರೆದುಕೊಂಡು, ಮನೆಗೆ ಹೋಗಿ ಶುದ್ಧಪ್ರತಿ ಮಾಡಿ ತರುತ್ತಿದ್ದಳು. 26 ದಿನಕ್ಕೆ ಕಾದಂಬರಿ ಮುಗಿಯಿತು. ಒಪ್ಪಿಸಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ! ಗುಮಾಸ್ತ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀದಿ ಪಡೆದ. ಗಡುವು ತಪ್ಪಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಇಬ್ಬರೂ ಮದುವೆಯಾದರು. ಸಾಲಕ್ಕೆ ಹೆದರಿ ಯುರೋಪಿಗೆ ಹೋಗಿ ನಾಲ್ಕು ವರ್ಷ ಅಲೆದರು. ಜರ್ಮನಿಯ ಬಾಡೆನ್‌ನಲ್ಲಿ ರೂಲೆಟ್ ಎಂಬ ಚಕ್ರದ ಜೂಜು ಆಡಿ ಮದುವೆ ಉಂಗುರ, ಅವಳ ಓಲೆ ಎಲ್ಲ ಅಡವಿಟ್ಟ. ಜಿನೀವಾದಲ್ಲಿ ಮೊದಲ ಮಗು ಸೋನ್ಯಾ ಮೂರೇ ತಿಂಗಳಿಗೆ ತೀರಿಹೋಯಿತು. ಈ ಗೋಳಿನ ನಡುವೆಯೇ ‘ಈಡಿಯಟ್’ ಬರೆದ. ಜೂಜು ಬಿಟ್ಟದ್ದು 1871ರಲ್ಲಿ.

ನನಗೆ ಅನ್ನಾ ಇಷ್ಟವಾಗುವುದು ಅವಳ ತಾಳ್ಮೆಗಲ್ಲ, ವ್ಯವಹಾರ ಬುದ್ಧಿಗೆ. ಅವನ ನೋವೇ ಅವನನ್ನು ದೊಡ್ಡ ಲೇಖಕ ಮಾಡಿತು ಅಂತ ಎಲ್ಲರೂ ಹೇಳುತ್ತಾರೆ. ನೋವು ಹಾಗಿರಲಿ, ಮನೆಯ ಲೆಕ್ಕ ನೋಡಿದವರು ಯಾರು? 1873ರಲ್ಲಿ ‘ಡೆಮನ್ಸ್’ ಕಾದಂಬರಿಯನ್ನು ಗಂಡ ಹೆಂಡತಿ ತಾವೇ ಅಚ್ಚು ಹಾಕಿಸಿದರು. ಕಾಗದ, ಅಚ್ಚಿನ ಖರ್ಚು ಎಲ್ಲವನ್ನೂ ವಿಚಾರಿಸಿದವಳು ಅವಳು. ಪುಸ್ತಕದಂಗಡಿಯವರು ಮನೆ ಬಾಗಿಲಿಗೆ ಬಂದಾಗ ಕಮಿಷನ್ ಚೌಕಾಸಿ ಮಾಡಿದವಳೂ ಅವಳೇ. ಸಾಲ ತೀರುತ್ತಾ ಬಂತು. ಅವನಿಗೆ ‘ಕಾರಮಜೋವ್ ಸಹೋದರರು’ ಬರೆಯುವಷ್ಟು ನೆಮ್ಮದಿ ಸಿಕ್ಕಿತು. ಆ ಕಾದಂಬರಿಯನ್ನು ಅವಳಿಗೇ ಅರ್ಪಿಸಿದ.

1881ರಲ್ಲಿ ಅವನು ಹೋದಾಗ ಅವಳಿಗೆ 34. ಮತ್ತೆ ಮದುವೆಯಾಗಲಿಲ್ಲ. ಅವನ ಪುಸ್ತಕ ಪ್ರಕಟಿಸುತ್ತಾ, ಪತ್ರ, ಹಸ್ತಪ್ರತಿ ಕೂಡಿಡುತ್ತಾ 1918ರವರೆಗೆ ಬದುಕಿದಳು. ಅವಳು ಬರೆದ ನೆನಪುಗಳ ಪುಸ್ತಕ ನನ್ನ ಹತ್ತಿರ ಇದೆ, ಕಳಿಸುತ್ತೇನೆ. ಒಂದು ಮಾತು: ಅದರಲ್ಲಿ ಗಂಡನನ್ನು ಸ್ವಲ್ಪ ಜಾಸ್ತಿಯೇ ಒಳ್ಳೆಯವನನ್ನಾಗಿ ಮಾಡಿದ್ದಾಳೆ. 1867ರಲ್ಲಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದ ದಿನಚರಿಯಲ್ಲಿ ಜಗಳ, ಅಳು ಎಲ್ಲ ಇದ್ದ ಹಾಗೇ ಇದೆ. ಎರಡನ್ನೂ ಒಟ್ಟಿಗೆ ಓದಿದರೆ ಮಜಾ ಬರುತ್ತದೆ.

‘ಜೂಜುಕೋರ’ ಮುಗಿಸಿ ಬರೆ. ಅದರಲ್ಲಿ ಬರುವ ಅಜ್ಜಿ ರೂಲೆಟ್ ಮೇಜಿಗೆ ಬಂದು ಕೂರುವ ಭಾಗ ಹೇಗನ್ನಿಸಿತು ಅಂತ ಮೊದಲು ಹೇಳು.

ನಿನ್ನ,
ರವಿ