ಪಿಕಪ್‌ಗೆ ಟ್ಯೂನಿಂಗ್ ಬಾಕ್ಸ್ ಹಾಕಿಸುವವರ ಗಮನಕ್ಕೆ

ಮಳೆ ಹಿಡಿಯುವ ಮೊದಲು ಡೀಸೆಲ್ ಪಿಕಪ್‌ಗೆ ಟ್ಯೂನಿಂಗ್ ಬಾಕ್ಸ್ (ಸೆನ್ಸರ್ ಸಿಗ್ನಲ್ ಬದಲಿಸಿ, ಎಂಜಿನ್ನಿಗೆ ಹೆಚ್ಚು ಡೀಸೆಲ್ ಹೋಗುವಂತೆ ಮಾಡಿ ಶಕ್ತಿ ಏರಿಸುವ ಪುಟ್ಟ ಪೆಟ್ಟಿಗೆ) ಕೂರಿಸುವವರು ಇದನ್ನು ಓದಿಕೊಳ್ಳಿ. ವಾರಂಟಿ ಇರುವ ಗಾಡಿಗೆ ಬೇಡವೇ ಬೇಡ.

ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ 15 ನಿಮಿಷ ಬಿಡಿ. ಕಾಮನ್ ರೈಲಿನ (ಇಂಜೆಕ್ಟರುಗಳಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಪೈಪಿನ) ಪ್ರೆಶರ್ ಸೆನ್ಸರಿಗೆ ಬರುವ ಮೂರು ಪಿನ್ನಿನ ಸಾಕೆಟ್ ಮಾತ್ರ ಕಳಚಬೇಕು. ಲಾಕ್ ಒತ್ತಿ ಸಾಕೆಟ್ಟನ್ನೇ ಎಳೆಯಿರಿ, ವೈರ್ ಜಗ್ಗಬೇಡಿ. ಸೆನ್ಸರನ್ನಾಗಲಿ ಪೈಪಿನ ನಟ್ಟನ್ನಾಗಲಿ ಸಡಿಲಿಸಲೇಬೇಡಿ. ಎಂಜಿನ್ ಲೋಡಿನಲ್ಲಿ ಓಡುವಾಗ ಒಳಗಿನ ಒತ್ತಡ 1000 ಬಾರ್ ದಾಟುತ್ತದೆ. ಬಾಕ್ಸಿನ ವೈರಿಂಗ್ ಸೆನ್ಸರ್ ಮತ್ತು ಸಾಕೆಟ್ ನಡುವೆ ಕೂರುತ್ತದೆ, ಎರಡೂ ಕಡೆ ಲಾಕ್ ‘ಟಕ್’ ಎಂದು ಬೀಳಬೇಕು. ಕಂಪನಿ ವೈರ್ ಕತ್ತರಿಸಿ ಟೇಪ್ ಸುತ್ತುವ ಕೆಲಸಕ್ಕೆ ಒಪ್ಪಬೇಡಿ.

ನಮ್ಮ ಕೊಡಗಿನ ಮಳೆಗೆ ಮೊದಲು ಕೆಡುವುದು ಕನೆಕ್ಟರ್. ನೀರು ಹೊಕ್ಕು ಪಿನ್ ಹಸಿರುಗಟ್ಟಿದರೆ ಸಿಗ್ನಲ್ ಏರುಪೇರಾಗಿ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಗಾಡಿ ಲಿಂಪ್ ಮೋಡಿಗೆ (ಎಂಜಿನ್ ಉಳಿಸಲು ಗಾಡಿಯೇ ಶಕ್ತಿ ತಗ್ಗಿಸಿಕೊಳ್ಳುವ ಸ್ಥಿತಿಗೆ) ಹೋಗಿ ಎಳೆಯುವುದೇ ಇಲ್ಲ. ರಬ್ಬರ್ ಸೀಲ್ ಸರಿಯಿದೆಯೇ ನೋಡಿ, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ನೀರು ತಡೆಯುವ ಗ್ರೀಸ್) ತೆಳ್ಳಗೆ ಹಚ್ಚಿ. ವೈರ್ ಕೆಳಗೆ ಬಾಗಿ ಆಮೇಲೆ ಕನೆಕ್ಟರಿಗೆ ಏರುವಂತೆ ಕಟ್ಟಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಟರ್ಬೊ, ಎಕ್ಸಾಸ್ಟ್ ಹತ್ತಿರ ವೈರ್ ಹಾಯಬಾರದು.

ಶುರುವಿಗೆ ಅತಿ ಕಡಿಮೆ ಸೆಟ್ಟಿಂಗೇ ಇರಲಿ. ಗೊಬ್ಬರದ ಮೂಟೆ ಹೇರಿಕೊಂಡು ಸಂಪಾಜೆ ಘಾಟಿ ಹತ್ತುವಾಗ ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಎಂದೇ ಅರ್ಥ. ತಕ್ಷಣ ಸೆಟ್ಟಿಂಗ್ ಇಳಿಸಿ, ಹಾಗೇ ತುಳಿದರೆ ಟರ್ಬೊ, ಪಿಸ್ಟನ್ ಎರಡಕ್ಕೂ ಅಪಾಯ.