ತುಂಗೆಯ ದಡದ ರಸ್ತೆ: ಅಂಚು ಸರಿಮಾಡಿ

ಮಾನ್ಯರೇ,

ಕಳೆದ ಭಾನುವಾರ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸೈಕಲ್‌ನಲ್ಲಿ ಹೋಗಿ ಬಂದೆ. ಒಂದು ಕಡೆಗೆ ಸುಮಾರು 60 ಕಿ.ಮೀ. ಗಾಜನೂರು ಅಣೆಕಟ್ಟಿನಿಂದಾಚೆ ತುಂಗೆ ಜೊತೆಜೊತೆಗೇ ಬರುತ್ತಾಳೆ. ಸಕ್ರೆಬೈಲಿನಲ್ಲಿ ಮಾವುತರೊಬ್ಬರು ಆನೆಯನ್ನು ನೀರಲ್ಲಿ ಮಲಗಿಸಿ ಕಿವಿಯ ಹಿಂದೆ ಉಜ್ಜುತ್ತಿದ್ದರು. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಎಷ್ಟು ಹೊತ್ತು ನಿಂತರೂ ಸಾಲದು.

ಆದರೆ ತಿರುವಿನಲ್ಲಿ ಹಿಂದಿನಿಂದ ಬಸ್ ಬಂದರೆ ಸೈಕಲ್ ಇಳಿಸಲು ಜಾಗವಿಲ್ಲ. ಮಳೆಗೆ ಡಾಂಬರಿನ ಅಂಚು ಕೊರೆದು ಮಣ್ಣು ಗೇಣು ಕೆಳಗಿದೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟಿದ್ದ ಹಿರಿಯರೊಬ್ಬರು ನನ್ನ ಕಣ್ಣೆದುರೇ ಅಲ್ಲಿ ಜಾರಿದರು. ದಿನಾ ಓಡಾಡುವ ಇಂಥವರ ಕಷ್ಟ ನಮಗಿಂತ ಜಾಸ್ತಿ ಅಲ್ವಾ? ಅದಕ್ಕಾಗಿ ಮರ ಕಡಿದು ರಸ್ತೆ ಅಗಲ ಮಾಡುವುದು ಖಂಡಿತ ಬೇಡ. ಅಂಚಿಗೆ ಗಟ್ಟಿ ಮಣ್ಣು ತುಂಬಿ ಸಮ ಮಾಡಿದರೆ ಸಾಕು.

– ಸೈಕಲ್ ಸವಾರ, ಶಿವಮೊಗ್ಗ