ಫಲಿತಾಂಶದ ದಿನದ ಸರ್ವರ್‌ಗೆ ನಿಯಂತ್ರಣ ಶಾಸ್ತ್ರ ಬೇಕು

ಮಾನ್ಯ ಸಂಪಾದಕರೇ,

ಪರೀಕ್ಷಾ ಫಲಿತಾಂಶ ಪ್ರಕಟವಾಗುವ ದಿನ ಜಾಲತಾಣ ಸ್ಥಗಿತಗೊಂಡು, ವಿದ್ಯಾರ್ಥಿಗಳೂ ಪಾಲಕರೂ ಸೈಬರ್ ಸೆಂಟರ್‌ಗಳ ಮುಂದೆ ಕಾದು ನಿಲ್ಲುವುದು ನಮ್ಮ ವಿಜಯಪುರ, ಬಾಗಲಕೋಟೆ ಕಡೆ ವಾಡಿಕೆಯೇ ಆಗಿಬಿಟ್ಟಿದೆ. ಸರ್ವರ್ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂಬ ಭರವಸೆಯೂ ಅಷ್ಟೇ ಹಳೆಯದು. ಬೇಡಿಕೆ ನೋಡಿ ಸಾಮರ್ಥ್ಯವನ್ನು ತಾನಾಗಿಯೇ ಏರಿಸಿ ಇಳಿಸುವ ಆಟೋಸ್ಕೇಲಿಂಗ್ ಸೌಲಭ್ಯ ಕ್ಲೌಡ್‌ನಲ್ಲಿ (ಅಂತರ್ಜಾಲದ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳಲ್ಲಿ) ವರ್ಷಗಳಿಂದ ಲಭ್ಯವಿರುವಾಗ, ಅದನ್ನು ಯಾವ ಲೆಕ್ಕದ ಮೇಲೆ ನಡೆಸಲಾಗುತ್ತಿದೆ ಎಂದು ಯಾರೂ ಕೇಳುತ್ತಿಲ್ಲ.

ಆಟೋಸ್ಕೇಲಿಂಗ್ ಮೂಲತಃ ಫೀಡ್‌ಬ್ಯಾಕ್ ನಿಯಂತ್ರಣ, ಅಂದರೆ ಪರಿಣಾಮವನ್ನು ಅಳೆದು ಅದಕ್ಕೆ ತಕ್ಕಂತೆ ಮುಂದಿನ ಹೆಜ್ಜೆಯನ್ನು ತಿದ್ದಿಕೊಳ್ಳುವ ವಿಧಾನ. ಇಂಥ ವ್ಯವಸ್ಥೆಗಳ ಅಧ್ಯಯನವೇ ನಿಯಂತ್ರಣ ಶಾಸ್ತ್ರ. ಉಗಿಯಂತ್ರದ ವೇಗವನ್ನು ಹಿಡಿತದಲ್ಲಿಡುವ ಗವರ್ನರ್‌ಗಳು ಯಾವಾಗ ಸ್ಥಿರವಾಗಿರುತ್ತವೆ, ಯಾವಾಗ ಓಲಾಡುತ್ತವೆ ಎಂಬುದನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲಿಯೇ ಗಣಿತದಿಂದ ವಿವರಿಸಿದ್ದರು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಕುಬರ್ನೆಟಿಸ್ ಎಂಬ ಸರ್ವರ್ ನಿರ್ವಹಣಾ ತಂತ್ರಾಂಶ, ಬೇರೆ ಸೂಚನೆ ಕೊಡದಿದ್ದರೆ, 15 ಸೆಕೆಂಡಿಗೊಮ್ಮೆ ಸಿಪಿಯು (ಕಂಪ್ಯೂಟರ್‌ನ ಸಂಸ್ಕಾರಕ) ಬಳಕೆಯನ್ನು ಅಳೆದು ಅದೇ ಪ್ರಮಾಣದಲ್ಲಿ ಜಾಲತಾಣ ನಡೆಸುವ ತಂತ್ರಾಂಶದ ಪ್ರತಿಗಳನ್ನು ಹೆಚ್ಚಿಸುತ್ತದೆ: ಗುರಿ ಶೇ 50 ಇದ್ದು ಅಳತೆ ಶೇ 100 ಬಂದರೆ 10 ಪ್ರತಿಗಳು 20 ಆಗುತ್ತವೆ. ತೊಡಕು ಇರುವುದೂ ಇಲ್ಲಿಯೇ. ಬೇಡಿಕೆ ಹತ್ತು ಪಟ್ಟು ಏರಿದರೂ ಸಿಪಿಯು ಅಳತೆ ಯಂತ್ರದ ಪೂರ್ಣ ಸಾಮರ್ಥ್ಯದ ಆಚೆ ಹೋಗದಿರುವುದರಿಂದ ನಿಯಂತ್ರಕಕ್ಕೆ ನಿಜವಾದ ಕೊರತೆ ಕಾಣುವುದೇ ಇಲ್ಲ. ಹೆಚ್ಚಿದ ಪ್ರತಿಗಳಿಗೆ ಬೇಕಾದ ಹೊಸ ಯಂತ್ರ ಸಿದ್ಧವಾಗಲು ಹಿಡಿಯುವ ನಿಮಿಷಗಳಲ್ಲಿ ಸರತಿ ಬೆಳೆಯುತ್ತದೆ, ಪುಟ ತೆರೆಯದವರು ಮತ್ತೆ ಮತ್ತೆ ಬಟನ್ ಒತ್ತಿ ಅದನ್ನು ಇನ್ನಷ್ಟು ಉದ್ದ ಮಾಡುತ್ತಾರೆ. ಸರತಿ ಸಿದ್ಧಾಂತದ ಅತಿ ಸರಳ ಮಾದರಿಯಲ್ಲಿ ಕೂಡ ಬಳಕೆ ಶೇ 80ರಿಂದ 90ಕ್ಕೆ ಏರಿದರೆ ಉತ್ತರ ಸಿಗಲು ಬೇಕಾಗುವ ಸರಾಸರಿ ಸಮಯ ಇಮ್ಮಡಿಯಾಗುತ್ತದೆ. ಹೊಸ ಯಂತ್ರ ಸಿದ್ಧವಾಗುವಲ್ಲಿನ ಈ ವಿಳಂಬವನ್ನು ಲೆಕ್ಕಕ್ಕೆ ಹಿಡಿಯದೆ ನಿಯಂತ್ರಕವನ್ನು ಬರೀ ಚುರುಕುಗೊಳಿಸಿದರೆ, ಅದು ಬೇಕಾದುದಕ್ಕಿಂತ ಹೆಚ್ಚು ಯಂತ್ರ ಸೇರಿಸಿ, ಆಮೇಲೆ ಅವಸರದಿಂದ ತೆಗೆದು, ಓಲಾಡತೊಡಗುತ್ತದೆ. (ಇಳಿಸುವಾಗ ಕುಬರ್ನೆಟಿಸ್ ಹಿಂದಿನ 300 ಸೆಕೆಂಡುಗಳ ಲೆಕ್ಕಗಳಲ್ಲಿ ಅತಿ ಹೆಚ್ಚಿನದನ್ನು ಆರಿಸುವುದು ಇದೇ ಕಾರಣಕ್ಕೆ.) ಆದ್ದರಿಂದ ಸಿಪಿಯು ಒಂದನ್ನೇ ನೆಚ್ಚದೆ, ಸರತಿಯ ಉದ್ದವನ್ನೂ ಉತ್ತರಿಸುವ ಸಮಯವನ್ನೂ ಅಳೆಯಬೇಕು.

ಫಲಿತಾಂಶದ ವಿಷಯದಲ್ಲಂತೂ ಫೀಡ್‌ಬ್ಯಾಕ್ ಒಂದೇ ಸಾಲದು. ಆಲಮಟ್ಟಿ ಜಲಾಶಯದಲ್ಲಿ ನೀರು ಪೂರ್ಣ ಮಟ್ಟವಾದ 519.60 ಮೀಟರ್ ಮುಟ್ಟಿದ ಮೇಲೆಯೇ ಗೇಟು ಎತ್ತೋಣವೆಂದು ಯಾರೂ ಕೂಡುವುದಿಲ್ಲ. ಮಹಾರಾಷ್ಟ್ರದ ಕಡೆಯಿಂದ ಬರುವ ಹರಿವನ್ನು ನೋಡಿ ಹೊರಹರಿವನ್ನು ಮೊದಲೇ ಹೆಚ್ಚಿಸುತ್ತಾರೆ. ನಿಯಂತ್ರಣ ಶಾಸ್ತ್ರದಲ್ಲಿ ಇದಕ್ಕೆ ಫೀಡ್‌ಫಾರ್ವರ್ಡ್ ಎನ್ನುತ್ತಾರೆ. ನದಿಯ ಪ್ರವಾಹಕ್ಕಾದರೂ ಅಂದಾಜು ಬೇಕು, ಫಲಿತಾಂಶದ ಗಳಿಗೆಯನ್ನಂತೂ ಇಲಾಖೆಯೇ ನಿಗದಿಪಡಿಸುತ್ತದೆ, ಪರೀಕ್ಷೆ ಬರೆದವರ ಸಂಖ್ಯೆಯೂ ಅದರ ಕೈಯಲ್ಲಿಯೇ ಇರುತ್ತದೆ. ಅಷ್ಟು ತಿಳಿದಿದ್ದೂ ಯಂತ್ರಗಳನ್ನು ಅರ್ಧ ಗಂಟೆ ಮೊದಲೇ ಸಜ್ಜುಗೊಳಿಸದೆ, ದಟ್ಟಣೆ ಬಂದ ಮೇಲೆ ಹುಡುಕಾಡುವುದಕ್ಕೆ ಯಾವ ತಾಂತ್ರಿಕ ಸಮರ್ಥನೆಯೂ ಇಲ್ಲ.

ಸರ್ಕಾರಿ ಟೆಂಡರ್‌ಗಳಲ್ಲಿ ಸರ್ವರ್‌ಗಳ ಸಂಖ್ಯೆಯ ಜೊತೆಗೆ ಹೊಸ ಯಂತ್ರ ಸಿದ್ಧವಾಗುವ ಅವಧಿ, ಏರಿಸುವ ಮತ್ತು ಇಳಿಸುವ ನಿಯಮ, ಹಠಾತ್ ದಟ್ಟಣೆಯ ಪರೀಕ್ಷಾ ವರದಿ ಇವುಗಳನ್ನೂ ಕಡ್ಡಾಯಗೊಳಿಸಬೇಕು; ಸರ್ವರ್‌ಗಳ ಹಿಂದೆ ನಿಂತು ಅಂಕಗಳನ್ನು ಒದಗಿಸುವ ಡೇಟಾಬೇಸ್ ಆ ಹೊರೆ ತಾಳುತ್ತದೆಯೇ ಎಂಬುದೂ ಆ ವರದಿಯಲ್ಲಿರಲಿ. ಈ ನಿಯಂತ್ರಣ ಶಾಸ್ತ್ರದ (ಕಂಟ್ರೋಲ್ ಸಿಸ್ಟಮ್ಸ್) ಪಾಠ ಸಾಮಾನ್ಯವಾಗಿ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನಂಥ ವಿಭಾಗಗಳ ವಿದ್ಯಾರ್ಥಿಗಳ ಪಾಲಿಗಷ್ಟೇ ಉಳಿದಿದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಒಂದು ಕಿರು ಭಾಗವನ್ನು, ಕ್ಲೌಡ್ ಉದಾಹರಣೆಗಳೊಂದಿಗೆ, ಕಂಪ್ಯೂಟರ್ ವಿಭಾಗದವರಿಗೂ ಕಲಿಸುವ ಬಗ್ಗೆ ಯೋಚಿಸಬೇಕೆಂದು ಕೋರುತ್ತೇನೆ.

– ಓರ್ವ ಎಂಜಿನಿಯರಿಂಗ್ ಉಪನ್ಯಾಸಕ, ವಿಜಯಪುರ